ಕಡ್ಡಿ ತುಂಬಿದ ಟ್ರ್ಯಾಕ್ಟರ್

ಆ ಭಾನುವಾರ ನೆನಪಾದಾಗಲೆಲ್ಲ ನನಗೆ ಈಗಲೂ ಒಂದು ನಿಟ್ಟುಸಿರು ಬರುತ್ತದೆ. ಸದ್ಯ, ಬಚಾವಾದೆವು ಅನ್ನುವ ನಿಟ್ಟುಸಿರು.

ನಾನು ಎಚ್.ಡಿ. ಕೋಟೆ ತಾಲ್ಲೂಕಿನ ಒಂದು ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಹೇಳಿಕೊಡುವವಳು. ಮೊದಲ ಮಹಾಯುದ್ಧದ ಕಾರಣಗಳನ್ನು ಪ್ರತಿ ವರ್ಷವೂ ಬೋರ್ಡಿನ ಮೇಲೆ ಬರೆಯುತ್ತೇನೆ. ಆಸ್ಟ್ರಿಯಾಕ್ಕೂ ಸರ್ಬಿಯಾಕ್ಕೂ ಜಗಳ. ಸರ್ಬಿಯಾದ ಬೆನ್ನಿಗೆ ರಷ್ಯಾ, ಆಸ್ಟ್ರಿಯಾದ ಬೆನ್ನಿಗೆ ಜರ್ಮನಿ, ರಷ್ಯಾಕ್ಕೆ ಮಾತು ಕೊಟ್ಟಿದ್ದ ಫ್ರಾನ್ಸ್, ಆಮೇಲೆ ಇಂಗ್ಲೆಂಡ್. ಇವರಿಗೆ ಬೇರೆ ಕೆಲಸ ಇರಲಿಲ್ವಾ ಮಿಸ್ ಎಂದು ಮಕ್ಕಳು ಕೇಳುತ್ತಾರೆ. ಕಿರೀಟ ಇಟ್ಟುಕೊಂಡ ಮಾತ್ರಕ್ಕೆ ಬುದ್ಧಿ ಇರಬೇಕೆಂದೇನೂ ಇಲ್ಲ ಎಂದು ನಾನೂ ಅವರ ಜೊತೆ ನಗುತ್ತಿದ್ದೆ. ನಮ್ಮ ಮನೆಯಲ್ಲೇ ಅದು ಶುರುವಾಗುವವರೆಗೆ ನಗುತ್ತಿದ್ದೆ, ಅಷ್ಟೆ.

ನನ್ನ ತವರು ಪಿರಿಯಾಪಟ್ಟಣದ ಕಡೆ, ಗಂಡನ ಮನೆ ಹಂಪಾಪುರದ ಹತ್ತಿರ. ಎರಡೂ ಕಡೆ ಹೊಗೆಸೊಪ್ಪು ಬೆಳೆಯುವ, ಜನಬಲ ಇರುವ, ಮೀಸೆಯ ಮೇಲೆ ಸ್ವಲ್ಪ ಜಾಸ್ತಿಯೇ ಕೈ ಹೋಗುವ ಮನೆಗಳು. ಇವೆರಡಕ್ಕೂ ನಡುವೆ, ಹುಣಸೂರು ತಾಲ್ಲೂಕಿನ ಹನಗೋಡಿನ ಹತ್ತಿರದ ಹಳ್ಳಿಯೊಂದರಲ್ಲಿ ಎರಡು ಸಣ್ಣ ಮನೆಗಳು ಅಕ್ಕಪಕ್ಕದಲ್ಲಿವೆ. ಒಂದು ನನ್ನ ನಾದಿನಿಯದು. ಗಂಡ ತೀರಿಕೊಂಡ ಮೇಲೆ ಒಬ್ಬಳೇ ಬೇಸಾಯ ಮಾಡಿಸುತ್ತಾಳೆ. ಇನ್ನೊಂದು ನನ್ನ ತಮ್ಮನ ಭಾವಮೈದನದು, ಅಂದರೆ ತಮ್ಮನ ಹೆಂಡತಿಯ ಒಡಹುಟ್ಟಿದವನದು. ಇಬ್ಬರಿಗೂ ಮೊದಲಿನಿಂದ ಒಳ್ಳೆಯ ಬಳಕೆ. ಅವನ ಹೊಲಕ್ಕೆ ಇವಳು, ಇವಳ ಹೊಲಕ್ಕೆ ಅವನ ಹೆಂಡತಿ, ಕೂಲಿ ಇಲ್ಲದೆ ಮುಯ್ಯಾಳಾಗಿ ಹೋಗುತ್ತಿದ್ದರು.

ಸೊಪ್ಪು ಬೇಯಿಸುವ ಕಾಲ ಅದು. ಹಸಿ ಎಲೆಗಳನ್ನು ಉದ್ದನೆಯ ಕಡ್ಡಿಗಳಿಗೆ ದಾರದಲ್ಲಿ ಕಟ್ಟಿ, ಬ್ಯಾರನ್ ಎನ್ನುವ ಎತ್ತರದ ಕಟ್ಟಡದೊಳಗೆ ಸಾಲಾಗಿ ನೇತುಹಾಕಿ, ಕೆಳಗಿನ ಕೊಳವೆಗಳಿಗೆ ಸೌದೆಯ ಬೆಂಕಿ ಕೊಡುತ್ತಾರೆ. ಕಟ್ಟು ಸಡಿಲವಾಗಿ ಒಂದೆಲೆ ಕಾದ ಕೊಳವೆಯ ಮೇಲೆ ಬಿದ್ದರೂ ಸಾಕು, ಎಲ್ಲ ಹೊತ್ತಿಕೊಳ್ಳುತ್ತದೆ. ತಮ್ಮನ ಭಾವಮೈದನ ಬ್ಯಾರನ್ನಿಗೆ ಆಗಿದ್ದೂ ಹಾಗೆಯೇ. ಒಳಗಿದ್ದ ಸೊಪ್ಪು, ಕಡ್ಡಿ, ಮೇಲಿನ ಚಾವಣಿ ಎಲ್ಲ ಬೂದಿ. ಅಲ್ಲಿಂದ ಹಾರಿದ ಕಿಡಿ ನಾದಿನಿಯ ಹುಲ್ಲಿನ ಮೆದೆಗೆ ಬಿದ್ದು ಅವಳ ದನಗಳ ಮೇವೂ ಹೋಯಿತು. ಕುಡಿದು ಬೆಂಕಿ ಹಾಕಿದ್ದಾನೆ ಎಂದು ಇವಳು ಕೂಗಿದಳು. ಹೊಟ್ಟೆಕಿಚ್ಚಿಗೆ ಮೆದೆಯನ್ನು ನನ್ನ ಗೋಡೆಗೇ ಒತ್ತಿ ಒಟ್ಟಿದ್ದಳು ಎಂದು ಅವನು ಕೂಗಿದ. ಅಲ್ಲಿಗೇ ಬಿಟ್ಟಿದ್ದರೆ ವಾರದಲ್ಲಿ ತಣ್ಣಗಾಗುತ್ತಿತ್ತು.

ಬಿಡಲಿಲ್ಲ. ನಾದಿನಿ ನನ್ನ ಗಂಡನಿಗೆ ಫೋನ್ ಮಾಡಿ ನನಗೆ ಯಾರೂ ಇಲ್ಲವಾ ಎಂದು ಅತ್ತಳು. ಏನಾಯಿತು, ಹೇಗಾಯಿತು ಎಂದು ಒಂದು ಮಾತು ಕೇಳದೆ ಇವರು ಹೇಳಿಬಿಟ್ಟರು:

“ನಾನಿಲ್ವಾ? ನೀನೇನ್ ಮಾಡಿದ್ರೂ ಸರಿ, ನಿನ್ ಹಿಂದೆ ನಾನಿವ್ನಿ.”

ಪಕ್ಕದಲ್ಲಿ ಮಕ್ಕಳ ಉತ್ತರ ಪತ್ರಿಕೆ ತಿದ್ದುತ್ತಿದ್ದ ನಾನು ಪೆನ್ನು ಕೆಳಗಿಟ್ಟೆ. ಜರ್ಮನಿ ಆಸ್ಟ್ರಿಯಾಕ್ಕೆ ಕೊಟ್ಟಿದ್ದೂ ಇಂಥದೇ ಮಾತು. ಅತ್ತ ನನ್ನ ತಮ್ಮನೂ ತನ್ನ ಭಾವಮೈದನಿಗೆ ಅದನ್ನೇ ಹೇಳಿದ್ದನೆಂದು ಮಾರನೆಯ ದಿನ ಗೊತ್ತಾಯಿತು. ಹೇಳದೆ ಇರುತ್ತಾನೆಯೇ? ಮನೆಯಲ್ಲಿ ಹೆಂಡತಿ ನಿಂತು ಕೇಳಿಸಿಕೊಳ್ಳುತ್ತಿದ್ದಳಂತೆ.

ಆಮೇಲೆ ನನ್ನ ಗಂಡ, ನನ್ನ ತಮ್ಮ ಇಬ್ಬರ ನಡುವೆ ಮಾತು ನಿಂತಿತು. ಮದುವೆಯಾದಾಗಿನಿಂದ ಸೊಪ್ಪಿನ ರೇಟು, ಗೊಬ್ಬರ, ಮಳೆ ಎಂದು ದಿನಾ ಹರಟುತ್ತಿದ್ದ ಭಾವ ಭಾವಮೈದ, ಈಗ ನನ್ನ ಮೂಲಕ ಒಬ್ಬರನ್ನೊಬ್ಬರು ವಿಚಾರಿಸತೊಡಗಿದರು. ನಿನ್ನ ತಮ್ಮ ಏನಂತಾನೆ ಎಂದು ಇವರು, ಭಾವ ಜನ ಸೇರಿಸುತ್ತಿದ್ದಾರಂತಲ್ಲ ಎಂದು ಅವನು. ಅವರು ಸೇರಿಸಿದರೆ ನಮಗೂ ಇರಲಿ ಎಂದು ಇಬ್ಬರೂ ದಾಯಾದಿಗಳಿಗೆ ಹೇಳಿಟ್ಟರು. ಸಂಜೆಯಾದರೆ ನಮ್ಮ ಯಜಮಾನರು ಟಿವಿ ಮುಂದೆ ಕೂತು ಉಕ್ರೇನಿನ ಯುದ್ಧ ನೋಡುತ್ತಾ, ಹಿಂದೆ ನಿಂತು ಕುಮ್ಮಕ್ಕು ಕೊಡುವವರಿಗೆ ಮಾನ ಮರ್ಯಾದೆ ಇಲ್ಲ, ಕೂತು ಮಾತಾಡಬಾರದಾ ಎಂದು ದೊಡ್ಡ ದೊಡ್ಡ ದೇಶಗಳಿಗೆ ಬುದ್ಧಿ ಹೇಳುತ್ತಿದ್ದರು. ನನಗೆ ಮೈಯೆಲ್ಲ ಉರಿದುಹೋಗುತ್ತಿತ್ತು.

ಉರಿಗಿಂತ ಹೆಚ್ಚಾಗಿ ಹೆದರಿಕೆ. ಇವರ ಕೈ ಅವನ ಮೇಲೋ, ಅವನ ಕೈ ಇವರ ಮೇಲೋ ಒಂದು ಸಲ ಬಿದ್ದರೆ ನನಗೆ ತವರಿನ ಬಾಗಿಲು ಮುಚ್ಚಿದಂತೆಯೇ. ಪುಸ್ತಕದಲ್ಲಿ ದೇಶಗಳು ಒಪ್ಪಂದ ಮಾಡಿಕೊಂಡವು ಎಂದು ಒಂದು ಸಾಲಿನಲ್ಲಿ ಬರೆದಿರುತ್ತಾರೆ. ಈ ಎರಡು ಮನೆಗಳ ಒಪ್ಪಂದ ಅಂದರೆ ನಾನೇ. ಅದು ಹರಿದರೆ ಹರಿಯುವುದು ನನ್ನ ಬಾಳು ಎಂದು ಯಾರಿಗೂ ಹೊಳೆದಿರಲಿಲ್ಲ.

ಆ ಭಾನುವಾರ ಬೆಳಿಗ್ಗೆ ನಾದಿನಿಯ ಫೋನ್ ಬಂತು.

“ಅಣ್ಣ, ಪಿರಿಯಾಪಟ್ಣದಿಂದ ಟ್ಯಾಕ್ಟ್ರು ತುಂಬ ಜನ ಬಂದವ್ರೆ. ಟ್ಯಾಕ್ಟ್ರಲ್ಲೆಲ್ಲಾ ಬರೀ ದೊಣ್ಣೆ.”

ಇವರು ಶರ್ಟಿನ ಗುಂಡಿ ಹಾಕಿಕೊಳ್ಳುವಷ್ಟರಲ್ಲಿ ನಮ್ಮ ಟ್ರ್ಯಾಕ್ಟರೂ ತುಂಬಿತು, ದಾಯಾದಿಗಳೂ ದೊಣ್ಣೆಗಳೂ. ಹೆದರಿಸಲು ಮಾತ್ರ, ಹೊಡೆಯಲು ಅಲ್ಲ ಎಂದರು. ನಾನು ಚಪ್ಪಲಿ ಮೆಟ್ಟಿ ಟ್ರ್ಯಾಕ್ಟರ್ ಹತ್ತಿ ಕೂತೆ. ಇಳಿ ಎಂದರು. ಇಳಿಯಲ್ಲ ಎಂದೆ. ದಾರಿಯುದ್ದಕ್ಕೂ ತಮ್ಮನಿಗೆ ಫೋನ್ ಮಾಡಿದೆ. ರಿಂಗಾಗುತ್ತಿತ್ತು, ಎತ್ತಲಿಲ್ಲ. ಬೇಕಂತಲೇ ಎತ್ತುತ್ತಿಲ್ಲ ಎಂದು ಹಿಂದೆ ಕೂತವರೊಬ್ಬರು ಹೇಳಿದರು. ಆ ಮಾತಿಗೆ ಇವರ ಮುಖ ಬಿಗಿಯಿತು. ನಾನು ಕಂಡ ದೇವರಿಗೆಲ್ಲ ಹರಕೆ ಹೊತ್ತುಕೊಂಡೆ.

ಹೋಗಿ ನೋಡಿದರೆ, ಸುಟ್ಟ ಬ್ಯಾರನ್ನಿನ ಪಕ್ಕದ ಮರದ ನೆರಳಲ್ಲಿ ಹಸಿರು ಸೊಪ್ಪಿನ ಗುಡ್ಡೆ. ಸುತ್ತ ನನ್ನ ತವರಿನ ಗಂಡಸರು, ಹೆಂಗಸರು ನೆಲದ ಮೇಲೆ ಕೂತು ಎಲೆ ಕಟ್ಟುತ್ತಿದ್ದರು. ಭಾವಮೈದನ ಕಡ್ಡಿಗಳೆಲ್ಲ ಸುಟ್ಟುಹೋಗಿದ್ದವಲ್ಲ, ತಮ್ಮ ತನ್ನ ಕಡ್ಡಿಗಳನ್ನು ತುಂಬಿಕೊಂಡು ಮುಯ್ಯಾಳು ಕರೆತಂದಿದ್ದ. ಹೊಲದಲ್ಲಿ ಹಣ್ಣಾದ ಸೊಪ್ಪು ಕಾಯುವುದಿಲ್ಲ. ಕಟ್ಟಿ ತನ್ನ ಬ್ಯಾರನ್ನಿಗೆ ಒಯ್ಯುವುದು ಅವನ ಲೆಕ್ಕ. ವರ್ಷ ವರ್ಷವೂ ಕಡ್ಡಿ ಹಿಡಿಯುವ ನನ್ನ ನಾದಿನಿಗೆ ಅವತ್ತು ಕಿಟಕಿ ಸಂದಿಯಿಂದ ಕಡ್ಡಿ ದೊಣ್ಣೆಯಾಗಿ ಕಂಡಿತ್ತು. ತಮ್ಮನ ಎರಡೂ ಕೈ ಹಸಿ ಸೊಪ್ಪಿನ ಅಂಟಿನಿಂದ ಕಪ್ಪಾಗಿದ್ದವು. ಜೇಬಿನಲ್ಲಿ ಫೋನ್ ಹೊಡೆದುಕೊಳ್ಳುತ್ತಿದ್ದರೂ ಆ ಕೈಯಲ್ಲಿ ಯಾರು ಮುಟ್ಟುತ್ತಾರೆ?

ನಮ್ಮವರು ದೊಣ್ಣೆ ಹಿಡಿದೇ ಇಳಿದರು. ಕೂತವರು ತಲೆಯೆತ್ತಿ ನೋಡಿದರು. ಈಗ ಯಾರಾದರೂ ಒಂದು ಒರಟು ಮಾತಾಡಿದರೆ ಮುಗಿಯಿತು ಎನಿಸಿ, ನಾನು ಓಡಿ ಹೋಗಿ ತಮ್ಮನ ಪಕ್ಕ ಕುಕ್ಕರಿಸಿ, ಎಲೆ ಮಡಿಲಿಗೆಳೆದುಕೊಂಡು ಕಟ್ಟತೊಡಗಿದೆ. ಚಾಕ್‌ಪೀಸ್ ಹಿಡಿದು ಹಿಡಿದು ಕಟ್ಟು ಮರೆತ ಕೈ, ಎಲೆ ಒಂದೊಂದೂ ಜಾರುತ್ತಿತ್ತು. ಇವರು ಸ್ವಲ್ಪ ಹೊತ್ತು ನೋಡಿದರು. ಹೊಗೆಸೊಪ್ಪಿನ ಮನೆಯಲ್ಲಿ ಹುಟ್ಟಿದ ಜೀವ, ಕೆಟ್ಟ ಕಟ್ಟು ನೋಡಿಕೊಂಡು ಸುಮ್ಮನಿರಲು ಆಗಬೇಕಲ್ಲ.

“ಸಡ್ಲ ಆಯ್ತು ಕಣೆ, ಕೊಳ್ವೆ ಮ್ಯಾಲೆ ಬಿದ್ದೋಯ್ತದೆ. ಕೊಡಿಲ್ಲಿ.”

ದೊಣ್ಣೆಯನ್ನು ಮರಕ್ಕೆ ಒರಗಿಸಿ ಕೂತೇಬಿಟ್ಟರು. ತಮ್ಮ ತಲೆಯೆತ್ತದೆಯೇ, “ಬನ್ನಿ ಭಾವ, ಆಳು ಸಾಲ್ದಾಗಿತ್ತು” ಎಂದ. ಟ್ರ್ಯಾಕ್ಟರಿನಲ್ಲಿದ್ದ ದಾಯಾದಿಗಳು ಮುಖ ಮುಖ ನೋಡಿಕೊಂಡು ಒಬ್ಬೊಬ್ಬರೇ ಇಳಿದು ಬಂದರು. ಹುಲ್ಲಿನ ಮಾತನ್ನೂ ತಮ್ಮನೇ ತೆಗೆದ. ಕೆ.ಆರ್. ನಗರದಿಂದ ಒಂದು ಲೋಡು ಭತ್ತದ ಹುಲ್ಲು ಬರುತ್ತದೆ, ಅಕ್ಕನ ನಾದಿನಿಯ ದನ ನಮ್ಮ ದನ ಅಲ್ಲವಾ ಎಂದ.

ಆಗ ನಾದಿನಿ ತನ್ನ ಬಾಗಿಲು ತೆರೆದು ಒಂದು ಬಿಂದಿಗೆ ನೀರು, ಚೊಂಬು ಹಿಡಿದು ಬಂದಳು. ಎಲ್ಲರ ಕೈಯೂ ಅಂಟಾದ್ದರಿಂದ ಅವಳೇ ಒಬ್ಬೊಬ್ಬರ ಬಾಯಿಗೂ ಮೇಲಿನಿಂದ ನೀರು ಬಿಡುತ್ತಾ ಹೋದಳು. ಅಣ್ಣನಿಗೆ, ನನಗೆ, ನನ್ನ ತಮ್ಮನಿಗೆ. ಕೊನೆಗೆ ಬ್ಯಾರನ್ ಸುಟ್ಟುಕೊಂಡವನ ಮುಂದೆ ನಿಂತಳು. ಅವನು ತಲೆ ತಗ್ಗಿಸಿದ್ದ.

“ಅವತ್ತು ನಿನ್ ಬ್ಯಾರನ್ಗೆ ನಾನೂ ಸೊಪ್ಪು ಕಟ್ಟಿದ್ದೆ ಕಣಪ್ಪ,” ಎಂದಳು. “ಬಿದ್ದಿದ್ದು ಯಾರ್ ಕಟ್ಟೋ, ಯಾರಿಗ್ಗೊತ್ತು. ತಲೆ ಎತ್ತು.”

ಅವನು ತಲೆ ಎತ್ತಿ ಬಾಯಿ ತೆರೆದ. ಅವಳು ನೀರು ಬಿಟ್ಟಳು. ನನಗೆ ಅಳು ಒತ್ತಿಕೊಂಡು ಬಂತು. ಕಣ್ಣೊರೆಸಿಕೊಳ್ಳೋಣವೆಂದರೆ ಕೈ ತುಂಬ ಅಂಟು. ಅತ್ತ ನನ್ನ ಗಂಡ, ಇತ್ತ ನನ್ನ ತಮ್ಮ, ಇಬ್ಬರೂ ನೋಡುತ್ತಿದ್ದಂತೆ ಹಾಗೇ ಅತ್ತೆ.