ಅಣ್ಣ ತಂಗಿಯ ಕಬ್ಬಿಣ

ಮನುಷ್ಯನ ದೇಹಕ್ಕೆ ಕಬ್ಬಿಣವನ್ನು ಒಳಗೆ ಬಿಟ್ಟುಕೊಳ್ಳುವುದು ಗೊತ್ತು, ಹೊರಗೆ ಹಾಕುವುದು ಗೊತ್ತಿಲ್ಲ. ಬೇಕಾದಷ್ಟು ಸೇರಿದ ಮೇಲೆ ಯಕೃತ್ತು ಒಂದು ಹಾರ್ಮೋನು ಬಿಟ್ಟು ಕರುಳಿಗೆ ಸಾಕು ಎಂದು ತಿಳಿಸುತ್ತದೆ. ಆ ಸಾಕು ಎಂಬ ಸೂಚನೆ ಹೇಗೆ ಹುಟ್ಟುತ್ತದೆ ಎಂದು ಹುಡುಕುತ್ತಲೇ ಹೈದರಾಬಾದಿನ ಪ್ರಯೋಗಾಲಯದಲ್ಲಿ ನನ್ನ ಕೂದಲು ಬೆಳ್ಳಗಾಯಿತು. ದಿನವಿಡೀ ಇಲಿಗಳ ಯಕೃತ್ತಿನಲ್ಲಿ ಕಬ್ಬಿಣ ಅಳೆದು ಸಂಜೆ ನಾರಾಯಣಗೂಡದ ಮನೆಗೆ ಬಂದರೆ, ಪಕ್ಕದ ಮನೆಯವರು ಗೇಟಿನಲ್ಲೇ ಹಿಡಿದು, ರಕ್ತ ಹೆಚ್ಚಲು ಬೀಟ್‌ರೂಟ್ ಒಳ್ಳೆಯದೋ ಖರ್ಜೂರವೋ ಎಂದು ಕೇಳುತ್ತಿದ್ದರು. ನನ್ನ ಕೆಲಸ ಕಬ್ಬಿಣ ಕಡಿಮೆಯಾದವರ ಬಗ್ಗೆ ಅಲ್ಲ, ಹೆಚ್ಚಾದವರ ಬಗ್ಗೆ ಎಂದು ಹೇಳಿ ಹೇಳಿ ಸಾಕಾಗಿ, ಕೊನೆಗೆ ಖರ್ಜೂರ ಎನ್ನಲು ಶುರುಮಾಡಿದೆ.

ನಾನು ರೋಗಿಗಳನ್ನು ನೋಡುವ ಡಾಕ್ಟರಲ್ಲ. ಹಾಗಾಗಿ ಒಂದು ಬೇಸಿಗೆಯ ಬೆಳಿಗ್ಗೆ ಲಿವರ್ ತಜ್ಞೆಯಾದ ಗೆಳತಿ ಆಸ್ಪತ್ರೆಯಿಂದ ಫೋನ್ ಮಾಡಿದಾಗ ರಕ್ತದ ಮಾದರಿ ಕಳಿಸುತ್ತಾಳೆ ಅಂದುಕೊಂಡೆ. ಅವಳಿಗೆ ಬೇಕಾಗಿದ್ದದ್ದು ನನ್ನ ಕನ್ನಡ. ಯಾದಗಿರಿ ಕಡೆಯ ಒಬ್ಬ ಹುಡುಗ, ಮಿಯಾಪುರದಲ್ಲಿ ಕಟ್ಟುತ್ತಿರುವ ಅಪಾರ್ಟ್‌ಮೆಂಟುಗಳಲ್ಲಿ ಟೈಲ್ಸ್ ಹಾಕುವವನು. ಮದುವೆಯ ವಯಸ್ಸು ಅಷ್ಟೆ. ಯಕೃತ್ತು ಊದಿತ್ತು, ಮೈ ಬೂದಿ ಬಣ್ಣಕ್ಕೆ ತಿರುಗಿತ್ತು, ಹೃದಯ ಸೋತಿತ್ತು. ಎಲ್ಲದರಲ್ಲೂ ಕಬ್ಬಿಣ ತುಂಬಿತ್ತು. ಇದಕ್ಕೆ ಮುಖ್ಯ ಚಿಕಿತ್ಸೆ ಆಗಾಗ ರಕ್ತ ತೆಗೆಯುವುದು. ಅವನು ತೋಳು ಕೊಡಲು ಒಪ್ಪುತ್ತಿರಲಿಲ್ಲ.

"ಊರಾಗ ಎಲ್ಲಾರಿಗೂ ರಕ್ತ ಏರಸ್ತಾರ್ರಿ ಅಕ್ಕಾರ," ಎಂದ, ನನ್ನ ಕಲಬುರಗಿ ಮಾತು ಕೇಳಿದೊಡನೆ. "ನನಗ ನಿಂದ್ರಾಕ ತ್ರಾಣಿಲ್ಲ. ಇದ್ದದ್ದೂ ತಗೀತಾರಂತ."

"ತಮ್ಮಾ, ನಿನ್ನ ಮೈಯಾಗ ಕಬ್ಬಿಣ ಭಾಳ ಆಗೈತಿ. ಅದು ಹೊರಗ ಹೋಗಬೇಕಂದ್ರ ರಕ್ತದ ಜೋಡೀನ ಹೋಗಬೇಕು."

ಅವನು ತೋಳು ಚಾಚಿದ. ಮಂಚದ ಪಕ್ಕ ನಿಂತಿದ್ದ ಅವನ ತಾಯಿ ನನ್ನನ್ನು ಬಾಗಿಲ ಹೊರಗೆ ಕರೆದಳು.

"ನಾ ಕಬ್ಬಿಣದ ಹಂಚಿನ ಮ್ಯಾಲ ರೊಟ್ಟಿ ಮಾಡಿ ಹಾಕಿದ್ದಕ್ಕ ಹಿಂಗಾತೇನ್ರಿ?"

"ಇಲ್ಲವ್ವಾ. ಹಂಚು ಎಲ್ಲಾರ ಮನ್ಯಾಗೂ ಐತಿ. ಇದು ಹುಟ್ಟಿಂದ ಬಂದದ್ದು."

"ಹುಟ್ಟಿಂದ ಅಂದ್ರ ನನ್ನಿಂದ. ನಾ ಸ್ವಾದರಮಾವನ್ನ ಮಾಡ್ಕೊಂಡಾಕಿ."

ಸೋದರಮಾವನನ್ನು ಮದುವೆಯಾದವರ ವಂಶಚಿತ್ರಗಳನ್ನು ನಾನು ಎಷ್ಟೋ ಸಲ ವಿದ್ಯಾರ್ಥಿಗಳಿಗೆ ಬರೆದು ತೋರಿಸಿದ್ದೇನೆ. ಗಂಡ ಹೆಂಡತಿಯ ನಡುವೆ ಜೋಡಿ ಗೆರೆ ಎಳೆದರೆ, ಒಂದೇ ರಕ್ತದವರು, ಒಂದೇ ದೋಷ ಇಬ್ಬರಿಂದಲೂ ಮಗುವಿಗೆ ಬರಬಹುದು ಎಂದು ಅರ್ಥವಾಯಿತು. ಅವಳ ಮುಂದೆ ಆ ಗೆರೆ ಎಳೆಯುವ ಮನಸ್ಸಾಗಲಿಲ್ಲ. ಆದರೂ ಕೇಳಬೇಕಾದ್ದನ್ನು ಕೇಳಿದೆ: ಬೇರೆ ಮಕ್ಕಳಿದ್ದಾರೆಯೆ?

ಒಬ್ಬ ಮಗಳಿದ್ದಳು. ಅಲ್ಲೇ ಮಿಯಾಪುರದ ಒಂದು ಕಾಂಪ್ಲೆಕ್ಸಿನಲ್ಲಿ ಮನೆಗೆಲಸ ಮಾಡುತ್ತಿದ್ದಳು. ಅವಳಲ್ಲೂ ಇದೇ ಇರಬಹುದು, ಒಮ್ಮೆ ರಕ್ತ ಪರೀಕ್ಷೆ ಮಾಡಿಸೋಣ ಎಂದೆ.

"ಮಗನ್ನ ನೋಡ್ರಿ ಮೊದಲ," ಅಂದಳು ತಾಯಿ. "ಆಕೀಗೆ ಏನೂ ಆಗಿಲ್ಲ. ವರಾ ನೋಡಾಕತ್ತೀವಿ. ದವಾಖಾನಿಗೆ ಹೋಗಿದ್ಲು ಅಂತ ಸುದ್ದಿ ಹಬ್ಬಿದ್ರ ಆಕೀನ್ನ ಯಾರು ಮಾಡ್ಕೋತಾರ?"

ನಾನು ಮತ್ತೆ ಮತ್ತೆ ಕೇಳಿದೆ. ಮೆಟ್ರೊ ಬದಲಿಸಿ ಮಿಯಾಪುರದ ಕೊನೆಯ ನಿಲ್ದಾಣದಲ್ಲಿಳಿದು, ಅವರ ತಗಡಿನ ಮನೆಯವರೆಗೂ ಹೋಗಿ ಕೇಳಿದೆ. ಪ್ರತಿಸಲ ಚಹಾ ಕೊಟ್ಟು ಕಳಿಸಿದರು.

ಹುಡುಗನ ಹೃದಯ ಹೆಚ್ಚು ರಕ್ತ ತೆಗೆಯುವುದನ್ನು ತಾಳಿಕೊಳ್ಳುವ ಸ್ಥಿತಿಯಲ್ಲಿರಲಿಲ್ಲ. ಸ್ವಲ್ಪ ಸ್ವಲ್ಪವೇ ತೆಗೆದರು, ಔಷಧಿ ಕೊಟ್ಟರು. ಮಳೆಗಾಲ ಮುಗಿಯುವ ಮೊದಲೇ ಅವನು ತೀರಿಕೊಂಡ. ಊರಿಗೆ ಒಯ್ದು ಮಣ್ಣು ಮಾಡಿದರು.

ಅದೇ ವಾರ ಪ್ರಯೋಗಾಲಯದಲ್ಲಿ ಗೆಳತಿ ಕಳಿಸಿದ್ದ ಅವನ ರಕ್ತದ ಮಾದರಿಯಲ್ಲಿ ನಾವು ಹುಡುಕುತ್ತಿದ್ದ, ಸಾಕು ಎಂಬ ಸೂಚನೆಯನ್ನೇ ಹುಟ್ಟಗೊಡದ ಜೀನಿನ ದೋಷ ಸಿಕ್ಕಿತು. ನನ್ನ ಮೂವರು ವಿದ್ಯಾರ್ಥಿಗಳು ಸಂಭ್ರಮದಿಂದ ಸಮೋಸ, ಚಹಾ ತರಿಸಿದರು. ಅವರದೇನೂ ತಪ್ಪಿಲ್ಲ, ಅವರು ಅವನನ್ನು ನೋಡಿರಲಿಲ್ಲ, ಮತ್ತು ಇಂಥದ್ದು ಸಿಗುವುದೇ ಅಪರೂಪ. ನಾನೂ ಕುಡಿದೆ. ಮನೆಗೆ ಬಂದು ಚಪ್ಪಲಿಯನ್ನೂ ಬಿಡದೆ ಕುರ್ಚಿಯಲ್ಲಿ ಬಹಳ ಹೊತ್ತು ಕೂತಿದ್ದೆ.

ದಸರೆಯ ಹೊತ್ತಿಗೆ ಗೊತ್ತಿಲ್ಲದ ನಂಬರಿನಿಂದ ಫೋನ್ ಬಂತು. ಆ ಹುಡುಗನ ತಂಗಿ.

"ಅಕ್ಕಾರ, ನಾ ಹೊರಗ ಆಗೂದು ನಿಂತು ಭಾಳ ದಿನ ಆತು. ಅವ್ವಗ ಹೇಳಿಲ್ಲ. ಅಣ್ಣಗ ಆದದ್ದ ನನಗೂ ಆಗೇತೇನ್ರಿ?"

ಮುಟ್ಟು ನಿಲ್ಲುವುದು ಈ ರೋಗದ ಲಕ್ಷಣಗಳಲ್ಲೊಂದು. ಮರುದಿನವೇ ಅವಳನ್ನು ಗೆಳತಿಯ ಬಳಿಗೆ ಕರೆದೊಯ್ದೆ. ಕಬ್ಬಿಣ ತುಂಬಿತ್ತು, ಹೃದಯ ಮಾತ್ರ ಇನ್ನೂ ಗಟ್ಟಿಯಾಗಿತ್ತು. ಅವಳು ತಾಯಿಗೆ ತಾನೇ ಹೇಳಿದಳು. ತಾಯಿ ಅತ್ತಳಂತೆ, ಬೈದಳಂತೆ, ಆಮೇಲೆ ಹೋಗು ಅಂದಳಂತೆ. ವಾರ ವಾರ ಕೆಲಸಕ್ಕೆ ಅರ್ಧ ದಿನ ರಜೆ ಕೇಳಿ ಹುಡುಗಿ ಬರತೊಡಗಿದಳು.

"ಇಷ್ಟು ಛಲೋ ರಕ್ತ ಚೆಲ್ಲತೀರೇನ್ರಿ?" ಎಂದು ತುಂಬಿದ ಚೀಲ ನೋಡಿ ಕೇಳಿದಳು. "ಯಾರಿಗಾರ ಕೊಡ್ರಲಾ."

ಈ ರೋಗವಿದ್ದವರ ರಕ್ತವನ್ನು ಇಲ್ಲಿ ಬೇರೆಯವರಿಗೆ ಕೊಡುವಂತಿಲ್ಲ ಎಂದು ಹೇಳಿದಾಗ ಅವಳಿಗೆ ನಿಜವಾಗಿ ಬೇಸರವಾಯಿತು.

ನಾವು ಅಣ್ಣತಂಗಿಯರ ಬಗ್ಗೆ ಬರೆದ ಲೇಖನ ಈ ನಡುವೆ ವಿಜ್ಞಾನ ಪತ್ರಿಕೆಯಿಂದ ವಾಪಸು ಬಂತು. ಪುರಾವೆಗೆ ಒಂದೇ ಮನೆಯ ಇಬ್ಬರು ಸಾಲುವುದಿಲ್ಲ ಎಂದಿದ್ದರು. ಮೊದಲಾಗಿದ್ದರೆ ಕೋಪದಿಂದ ಉತ್ತರ ಬರೆಯುತ್ತಿದ್ದೆ. ಈಗ ತಿದ್ದಿ ಸಣ್ಣದು ಮಾಡಿ ಬೇರೆ ಕಡೆ ಕಳಿಸಿದೆ.

ಮುಂದಿನ ವರ್ಷ ಹಿಮಾಯತ್‌ನಗರದ ಅಂಗಡಿಯೊಂದರಲ್ಲಿ ಪರದೆ ಬಟ್ಟೆ ನೋಡುತ್ತಿದ್ದಾಗ ಹುಡುಗಿಯ ಫೋನು. "ಅಕ್ಕಾರ, ಇವತ್ತ ಹೊರಗ ಆದೆ," ಎಂದು ಪಿಸುಗುಟ್ಟಿ ನಕ್ಕಳು. ಅಂಗಡಿಯವನು ಅಳತೆ ಕೇಳುತ್ತಿದ್ದ, ನನಗೆ ನೆನಪಾಗಲಿಲ್ಲ. ಬಟ್ಟೆ ಕೊಳ್ಳದೆ ಹೊರಬಂದೆ.

ಆ ಭಾನುವಾರ ಅವರ ಮನೆಗೆ ಹೋದೆ. ಮಗಳು ನೀರು ತರಲು ಹೋದಾಗ ತಾಯಿ ಮೆಲ್ಲಗೆ ಕೇಳಿದಳು: "ಅವಂದೂ ಮೊದಲ ರಕ್ತ ತೆಗೆದಿದ್ರ ಉಳೀತಿದ್ನೇನ್ರಿ?"

ಇಷ್ಟು ವರ್ಷದ ಓದಿನಲ್ಲಿ ಖಚಿತವಾಗಿ ಉತ್ತರ ಹೇಳಬಹುದಾದ ಪ್ರಶ್ನೆಗಳು ನನಗೆ ಕಡಿಮೆ ಸಿಕ್ಕಿವೆ. ಇದೊಂದು ಅಂಥದು.

"ಉಳೀತಿದ್ದ, ಅವ್ವಾ. ಆದ್ರ ಮೊದಲ ಯಾರಿಗೂ ಗೊತ್ತಿರಲಿಲ್ಲ."

ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. "ಹಂಗಾದ್ರ ಈಕೀನ್ನ ಬಿಡಬ್ಯಾಡ್ರಿ," ಎಂದಳು.

ಈ ವರ್ಷ ನನಗೆ ನಿವೃತ್ತಿ. ಪ್ರಯೋಗಾಲಯದ ಫ್ರೀಜರುಗಳನ್ನು ಬೇರೆಯವರಿಗೆ ವಹಿಸಿಕೊಟ್ಟಾಯಿತು. ಯಕೃತ್ತಿನ ಸೂಚನೆಯ ಬಗ್ಗೆ ತಿಳಿಯದೆ ಉಳಿದದ್ದೇ ಹೆಚ್ಚು. ಅದನ್ನು ಮುಂದುವರಿಸುವ ತ್ರಾಣ ನನ್ನಲ್ಲಿಲ್ಲ. ಹುಡುಗಿ ಈಗ ಕೆಲವು ತಿಂಗಳಿಗೊಮ್ಮೆ ರಕ್ತ ತೆಗೆಸಿಕೊಂಡರೆ ಸಾಕು. ನಾನೂ ಜೊತೆಗೆ ಹೋಗುತ್ತೇನೆ. ನರ್ಸಿನ ಜೊತೆ ಅವಳೇ ತೆಲುಗಿನಲ್ಲಿ ಗಲಗಲ ಮಾತಾಡುತ್ತಾಳೆ, ಯಾವ ತೋಳು ಎಂದು ಅವಳೇ ಹೇಳುತ್ತಾಳೆ. ನನ್ನಿಂದ ಅಲ್ಲಿ ಏನೂ ಆಗಬೇಕಾದ್ದಿಲ್ಲ. ಹೊರಗಿನ ಬೆಂಚಿನ ಮೇಲೆ ಕೂತು ಕಾಯುತ್ತೇನೆ.