ಬೀಗರ ಹಾಡಿಗೆ ಬಂದ ಉತ್ತರ

ಜನ ನಗುವುದನ್ನು ಕೇಳಿದರೇ ಎದ್ದು ಹೋಗುವ ಕಾಲ ನನಗೂ ಬಂತು. ನಗಿಸುವುದೇ ಕಸುಬಾಗಿದ್ದವಳು ನಾನು. ಅರಸೀಕೆರೆಯಲ್ಲಿ ಕೊಬ್ಬರಿ ಮಂಡಿಯ ಮೇಲಿನ ಕೋಣೆಯೊಂದನ್ನು ಬಾಡಿಗೆಗೆ ಹಿಡಿದು, ನಮ್ಮ ಸೀಮೆಯ ತಮಾಷೆಗಳಿಗೆಂದೇ ಒಂದು ವೆಬ್‌ಸೈಟ್ ಶುರುಮಾಡಿದ್ದೆ. ಬಾಣಾವರದ ಸ್ಟೇಷನ್ನಿನಲ್ಲಿ ರೈಲಿನ ಕಿಟಕಿಯೊಳಗೆ ಟವಲ್ ಎಸೆದು ಸೀಟು ಹಿಡಿಯುವವರ ಜಗಳ, ಮಾಲೇಕಲ್ಲಿನ ಮೆಟ್ಟಿಲ ಮೇಲೆ ಸುಸ್ತಾಗಿ ಕೂತು ಬೆಟ್ಟವನ್ನೇ ಬೈಯುವ ಭಕ್ತರು, ಇಂಥವೇ. ಯಾರ ಮನಸ್ಸನ್ನೂ ನೋಯಿಸದೆ ನಗಿಸಬಹುದೆಂದು ಆಗ ನಂಬಿದ್ದೆ.

ಸೈಟಿಗೆ ಹೆಸರು ತಂದುಕೊಟ್ಟವಳು ನನ್ನ ಸೋದರತ್ತೆ. ಹಳೇಬೀಡಿನ ಹತ್ತಿರ ರಾಗಿ, ತೆಂಗು ಬೆಳೆಯುವ ಮನೆ ಅವಳದು. ಬೀಗರ ಊಟದ ದಿನ ಎಲೆ ಮುಂದೆ ಕೂತ ಬೀಗರನ್ನು ಹಾಡಿನಲ್ಲೇ ಛೇಡಿಸುವುದು ನಮ್ಮ ಕಡೆ ಹೆಂಗಸರ ಹಕ್ಕು. ಬೀಗಿತಿ ಬಾಡಿನ ತುಂಡನ್ನು ಸೆರಗಿಗೆ ಕಟ್ಟಿಕೊಂಡಳು, ಬೀಗರ ಮೀಸೆ ಸಾರಿನಲ್ಲಿ ಈಜಿತು ಎಂದೆಲ್ಲ ಅತ್ತೆ ನಿಂತಲ್ಲೇ ಕಟ್ಟಿ ಹಾಡುತ್ತಿದ್ದಳು. ಬೈಸಿಕೊಂಡವರೂ ಹಾಡಿನಲ್ಲೇ ತಿರುಗಿಸಿ ಕೊಡಬೇಕು. ಕೊಡುವವರೆಗೂ ಅವಳು ಕಾಯುತ್ತಿದ್ದಳು. ಅವರಿಗೆ ಪದ ಹೊಳೆಯದಿದ್ದರೆ ತಾನೇ ಮೆಲ್ಲಗೆ ಒಂದು ಎತ್ತಿಕೊಡುತ್ತಿದ್ದಳು.

ಅಂಥದೊಂದು ಊಟದಲ್ಲಿ ನನ್ನ ಫೋನಿನಲ್ಲಿ ಹಿಡಿದ ವಿಡಿಯೊವನ್ನು ಸೈಟಿಗೆ ಹಾಕಲೇ ಎಂದು ಕೇಳಿದಾಗ ಅತ್ತೆ, "ಹಾಕೇ, ನಂಗೇನು ಭಯ? ಆದ್ರೆ ಅವ್ರು ಹಾಡಿದ್ದನ್ನೂ ಹಾಕು. ನಂದೊಂದೇ ಹಾಕಿದ್ರೆ ಬಜಾರಿ ಅಂದ್ಕೊಂತಾರೆ" ಅಂದಿದ್ದಳು. ಎರಡೂ ಕಡೆಯದನ್ನು ಹಾಕಿದೆ. ನಾಡೆಲ್ಲ ನೋಡಿ ನಕ್ಕಿತು, ಒಳ್ಳೆಯ ನಗೆಯೇ ಅದು.

ಆಮೇಲೆ ಬೆಂಗಳೂರಿನ ಕಂಪನಿಯೊಂದು ಸೈಟನ್ನು ಕೊಳ್ಳಲು ಬಂತು. ಅವರ ಕಡೆಯವನೊಬ್ಬ ಕೊಬ್ಬರಿ ವಾಸನೆಗೆ ಮೂಗು ಮುಚ್ಚಿಕೊಂಡೇ ಮೆಟ್ಟಿಲು ಹತ್ತಿ ಬಂದು, "ಎದುರಿನವರು ಹಾಡೋದೆಲ್ಲ ಬೋರು ಮೇಡಂ. ಅಜ್ಜಿ ಬೈಯೋದು ಮಾತ್ರ ಓಡುತ್ತೆ" ಎಂದ. ಅವನ ಮೂತಿಗೆ ತಿವಿಯಬೇಕು ಅನಿಸಿತು. ತಿವಿಯಲಿಲ್ಲ, ಸಹಿ ಹಾಕಿದೆ.

ಅವರು ಬೀಗರ ಉತ್ತರವನ್ನು ಕತ್ತರಿಸಿ ಬಿಸಾಕಿದರು. ಅತ್ತೆಯ ಬಾಯನ್ನು ಪರದೆ ತುಂಬ ಹಿಗ್ಗಿಸಿ, ಸಾಲು ಸಾಲಿಗೂ ನಾಯಿ ಬೊಗಳುವ ಸದ್ದು ಸೇರಿಸಿದರು. ಕೆಳಗೆ ಜನ ಬರೆದದ್ದನ್ನು ಇಲ್ಲಿ ಬರೆದರೆ ನಾನು ಕೈ ತೊಳೆದುಕೊಳ್ಳಬೇಕು. ಅವಳ ಹಲ್ಲು, ಮೈಬಣ್ಣ, ಹಳ್ಳಿ ಮಾತು, ಯಾವುದನ್ನೂ ಬಿಡಲಿಲ್ಲ. ತೆಗೆಯಿರಿ ಎಂದು ಫೋನ್ ಮಾಡಿದರೆ, "ಈಗ ಅದೇ ಚೆನ್ನಾಗಿ ಓಡ್ತಿರೋದು" ಎಂದು ನಕ್ಕರು. ಆ ದಿನಗಳಲ್ಲೇ ಬೇಲೂರಿನಲ್ಲಿ ಯಾರೋ ಸಭೆಗೆ ಕರೆದು, ಪೇಟ ತೊಡಿಸಿ, ಯಶಸ್ವಿ ಉದ್ಯಮಿ ಎಂದು ನನ್ನನ್ನು ಹೊಗಳಿದರು. ಥೂ! ಆ ಚಪ್ಪಾಳೆ ಕೇಳುವಾಗ ನನ್ನ ಮೇಲೇ ನನಗೆ ಹೇಸಿಗೆಯಾಯಿತು.

ಅತ್ತೆಗೆ ಇದಾವುದೂ ಗೊತ್ತಿರಲಿಲ್ಲ. ಅವಳದು ಬರೀ ಮಾತಾಡುವ ಫೋನು.

ಗೊತ್ತಾದದ್ದು ಹುಲಿಕೆರೆಯಲ್ಲಿ, ಅವಳ ಮಗನ ಬೀಗರ ಊಟದ ದಿನ. ಹೆಣ್ಣಿನ ಕಡೆಯವರು ಪಂಕ್ತಿಯಲ್ಲಿ ಕೂತಿದ್ದರು. ಅತ್ತೆ ಸೆರಗು ಸಿಕ್ಕಿಸಿಕೊಂಡು ಹೊಸ ಬೀಗಿತಿಯ ಮೇಲೆ ನಾಲ್ಕು ಸಾಲು ಹಾಡಿ, ಸೊಂಟದ ಮೇಲೆ ಕೈಯಿಟ್ಟು ಕಾದಳು. ಎದುರಿನ ಸಾಲಿನ ಹುಡುಗಿಯೊಬ್ಬಳು ಎಲೆಯ ಪಕ್ಕ ಸ್ಪೀಕರ್ ಇಟ್ಟು ಫೋನ್ ಒತ್ತಿದಳು. ಅತ್ತೆಯದೇ ದನಿ, ಹಿಂದೆಯೇ ನಾಯಿ. ಶಾಮಿಯಾನವೆಲ್ಲ ಹೋ ಎಂದಿತು. ಬೀಗಿತಿ ಅನ್ನ ನೆತ್ತಿಗೆ ಹತ್ತುವಷ್ಟು ನಕ್ಕಳು.

ಇದು ಮುಗಿದ ಮೇಲೆ ಅವರು ಹಾಡುತ್ತಾರೆಂದು ಅತ್ತೆ ಇನ್ನೂ ಕಾಯುತ್ತಲೇ ಇದ್ದಳು. ಯಾರೂ ಹಾಡಲಿಲ್ಲ. ಅಭ್ಯಾಸದಂತೆ ತಾನೇ ಒಂದು ಪದ ಎತ್ತಿಕೊಟ್ಟಳು. ಅದಕ್ಕೆ ಇನ್ನೂ ಜೋರಾಗಿ ನಕ್ಕರು, ನಾಲ್ಕಾರು ಫೋನುಗಳು ಅವಳ ಮುಖದ ಕಡೆ ತಿರುಗಿದವು. "ನಿಮ್ ಸೈಟಲ್ಲೇ ಸಿಕ್ಕಿದ್ದು ಅಕ್ಕಾ, ಸಖತ್ತಾಗೈತೆ" ಎಂದು ಆ ಹುಡುಗಿ ನನಗೆ ಕೂಗಿ ಹೇಳಿದಳು.

ಅತ್ತೆ ನನ್ನ ರಟ್ಟೆ ಹಿಡಿದು ಶಾಮಿಯಾನದ ಹಿಂದಕ್ಕೆ ಕರೆದುಕೊಂಡು ಹೋದಳು.

"ಅವ್ರು ಹಾಡಿದ್ದು ಎಲ್ಲೋಯ್ತೇ?"

"ಕತ್ತರಿಸಿಬಿಟ್ರು ಅತ್ತೆ."

"ನೀನು ಅದನ್ನ ತೆಗ್ಸು. ಈಗ್ಲೇ ತೆಗ್ಸು."

"ನನ್ ಕೈಲಿಲ್ಲ ಅತ್ತೆ. ಮಾರ್ಬಿಟ್ಟೆ."

ಅವಳು ಸೆರಗಿನಿಂದ ತುಟಿ ಒರೆಸಿಕೊಂಡಳು. "ನನ್ ಬಾಯ್ನೂ ಸೇರ್ಸಿ ಮಾರ್ದೇನೇ?"

ಹೂಂ ಅಂದೆ.