ಉಪ್ಪು ಎರಚದ ಗುರುಸಿದ್ಧ

ಗದಗಿನ ಗುರುಸಿದ್ಧ ಜರ್ಮನಿ ಕೊಡುತ್ತಿದ್ದ ಗ್ರೀನ್ ಕಾರ್ಡ್ ಮೇಲೆ ಅಲ್ಲಿನ ಸಿಂಡೆಲ್‌ಫಿಂಗೆನ್ ಊರಿಗೆ ಬಂದ ವರ್ಷ ಮೊದಲ ಹಿಮ ಬಿದ್ದಾಗ, ಮಗಳು ಸಂಜನಾಳಿಗಿಂತ ಹೆಚ್ಚು ಕುಣಿದವನು ಅವನೇ. ಮನೆ ಮುಂದಿನ ಹಿಮವನ್ನು ಬಾಡಿಗೆಯವರು ಸರದಿಯ ಮೇಲೆ ತೆಗೆಯಬೇಕೆಂದು ಆಮೇಲೆ ತಿಳಿಯಿತು. ಮಹಡಿಯ ಮುದುಕಿ, ನೆಲದ ಹಿಮ ಕರಗಿ ಯಾರೂ ಜಾರದಂತೆ ಎರಚಲು ಒಂದು ಬಕೆಟ್ ಉಪ್ಪು ಕೊಟ್ಟಳು.

"ಉಪ್ಪು ತುಳೀಬಾರದ್ರೀ, ಅದು ಲಕ್ಷ್ಮಿ," ಎಂದಳು ಹೆಂಡತಿ ಬಸವೇಶ್ವರಿ.

"ಆತ್ ಬಿಡ. ನಿನ್ನ ಲಕ್ಷ್ಮಿ ಒಳಗ ಬೆಚ್ಚಗ ಇರಲಿ, ನಾ ಕೆರದು ತಗೀತೇನಿ," ಎಂದು ಅವನು ನಕ್ಕ.

ಮೂರು ಚಳಿಗಾಲ ಸಲಿಕೆಯಿಂದಲೇ ಕೆರೆದ. ನಾಲ್ಕನೆಯದರಲ್ಲಿ, ಕೆರೆದ ನೆಲವೇ ಗಾಜಿನಂತೆ ಹೆಪ್ಪುಗಟ್ಟಿದ್ದ ಒಂದು ಮುಂಜಾನೆ, ಕೆಲಸಕ್ಕೆ ಹೊರಟವನು ಜಾರಿಬಿದ್ದು, ಮೆಟ್ಟಿಲಿಗೆ ತಲೆ ಬಡಿದು ಸತ್ತ.

ತಿಂಗಳೊಳಗೆ ಮತ್ತೆ ಹಿಮ ಬಿತ್ತು. ಸರದಿಯೂ ಅವರದೇ ಆಗಿತ್ತು.

"ಅವ್ವಾ, ಶ್ನೇ ಬಿದ್ದೈತಿ. ಪಪ್ಪಾಗ ಭಾಳ ಸೇರತಿತ್ತು," ಎಂದು ಹಿಮಕ್ಕೆ ಶಾಲೆಯ ಜರ್ಮನ್ ಪದವನ್ನೇ ಬಳಸುತ್ತ ಸಂಜನಾ ಬಾಗಿಲಿಗೆ ಓಡಿದಳು.

"ಅಲ್ಲೇ ನಿಲ್ಲು."

ಬಸವೇಶ್ವರಿ ಇಷ್ಟು ವರ್ಷ ಮುಚ್ಚಳ ತೆರೆಯದ ಬಕೆಟ್ಟನ್ನು ಹೊರತಂದಳು. ಕಲ್ಲಾಗಿದ್ದ ಉಪ್ಪನ್ನು ಒಡೆದು, ಮೆಟ್ಟಿಲಿನಿಂದ ರಸ್ತೆಯವರೆಗೆ ಹಿಡಿ ಹಿಡಿಯಾಗಿ ಎರಚಿದಳು. ಆಮೇಲೆ ಮಗಳ ಕೈ ಹಿಡಿದು, ಅದನ್ನು ತುಳಿದುಕೊಂಡು ನಡೆದಳು.